ಟವೆಲ್ಲಿನ ಮರೆ ಇಲ್ಲದ ಓಟು

ಎತ್ತು ಮಾರಲು ಬಂದವರಿಗೆ ನಾನು ಮೊದಲು ಹೇಳಿಕೊಡುವ ಬುದ್ಧಿ ಒಂದೇ: ಹಗ್ಗ ಕೈಯಲ್ಲಿರುವವರೆಗೆ ನೀನೇ ಯಜಮಾನ. ಬೆಳಿಗ್ಗೆ ಬಂದವನು ನೋಡಿಹೋಗಲು ಬಂದಿರುತ್ತಾನೆ, ಅವನಿಗೆ ಕೊಡಬೇಡ. ಮಧ್ಯಾಹ್ನ ಬಂದವನು ಬೆಲೆ ಮುರಿಯಲು ಬಂದಿರುತ್ತಾನೆ, ಅವನಿಗೂ ಕೊಡಬೇಡ. ಸಂಜೆಗೆ ಒಬ್ಬ ಬರುತ್ತಾನೆ. ಬಾಡಿಗೆ ಟೆಂಪೊ ತಂದು ಖಾಲಿ ವಾಪಸು ಹೋಗಬೇಕಲ್ಲ ಎಂದು ಒಳಗೇ ಬೇಯುತ್ತಿರುತ್ತಾನೆ. ಅವನಿಗೆ ಕೊಡು. ಮೂಗೂರಿನ ದನಗಳ ಪರಿಷೆಯಿಂದ ಹಿಡಿದು ಸುತ್ತೂರಿನವರೆಗೆ ಈ ಒಂದು ಬುದ್ಧಿಯ ಮೇಲೆ ನಾನು ಮೂವತ್ತು ವರ್ಷ ಬದುಕಿದ್ದೇನೆ. ಎತ್ತುಗಳು ಕಡಿಮೆಯಾದ ಮೇಲೆ ಸೀಮೆಹಸು, ಹಳೇ ಟ್ರಾಕ್ಟರು, ನಂಜನಗೂಡಿನ ಸುತ್ತಮುತ್ತಲ ಸೈಟು, ಎಲ್ಲಕ್ಕೂ ಇದೇ ಬುದ್ಧಿ ಸಾಕಾಯಿತು. ಕಡೆಗೆ ಇದನ್ನೇ ನಮ್ಮೂರಿನ ಓಟಿಗೂ ಹಾಕಿ ನೋಡಿದೆ. ಏನಾಯಿತು ಎಂದು ಬರೆದಿಡುತ್ತಿದ್ದೇನೆ. ಬೇರೆ ಊರಿನವರಿಗಾದರೂ ಉಪಯೋಗಕ್ಕೆ ಬರಲಿ. ನಮ್ಮೂರಿನ ಹೆಸರನ್ನೂ ಜನರ ಹೆಸರನ್ನೂ ಬೇಕೆಂದೇ ಹಾಕಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ನಮ್ಮ ಕಸುಬು ತಿಳಿಯದವರಿಗಾಗಿ ಒಂದು ಮಾತು. ದನದ ಪರಿಷೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ಲಿನ ಕೆಳಗೆ ಕೈಗೆ ಕೈ ಕೊಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಹಸ್ತ ಹಿಡಿದರೆ ಐದು, ಹಸ್ತ ಹಿಡಿದು ಮತ್ತೆ ಎರಡು ಬೆರಳು ಹಿಡಿದರೆ ಏಳು. ಸುತ್ತ ಐವತ್ತು ಜನ ಕತ್ತು ಚಾಚಿಕೊಂಡು ನಿಂತಿದ್ದರೂ ಬೆಲೆ ಆ ಇಬ್ಬರಿಗೆ ಮಾತ್ರ ಗೊತ್ತು. ವ್ಯಾಪಾರ ಮುರಿದರೂ ಯಾರ ಮರ್ಯಾದೆಯೂ ಹೋಗುವುದಿಲ್ಲ. ಟವೆಲ್ಲಿನ ಕೆಳಗೆ ನಡೆದದ್ದನ್ನು ಹೊರಗೆ ಹೇಳಿದ ದಲ್ಲಾಳಿಗೆ ಮಾರನೆಯ ಪರಿಷೆಯಲ್ಲಿ ಯಾರೂ ಕೈ ಕೊಡುವುದಿಲ್ಲ.

ಈ ಬೆರಳಿನ ಲೆಕ್ಕವನ್ನು ನನಗೆ ಕಲಿಸಿದವಳು ಒಬ್ಬ ಹೆಂಗಸು. ನನ್ನ ತಾಯಿಯ ತಂಗಿ, ನಮ್ಮೂರಿಗೇ ಸೊಸೆಯಾಗಿ ಬಂದ ಚಿಕ್ಕವ್ವ. ಗಂಡ ತೀರಿಕೊಂಡ ಮೇಲೆ ಅವನ ಜೋಡಿ ಎತ್ತುಗಳನ್ನು ಮಾರಲು ಪರಿಷೆಗೆ ಬಂದಳು. ಟವೆಲ್ಲಿನ ಕೆಳಗೆ ಹೆಂಗಸಿನ ಕೈ ಹಿಡಿಯಲು ಯಾವ ಗಂಡಸೂ ಒಪ್ಪಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎರಡನೇ ಸಲ ಫೇಲಾಗಿ ಓಡಾಡಿಕೊಂಡಿದ್ದ ನನ್ನ ಕೈಯನ್ನು ಅವಳು ಮುಂದಕ್ಕೆ ತಳ್ಳಿದಳು. ಲೆಕ್ಕ ಅವಳದು, ಬೆರಳು ನನ್ನದು. ಅವತ್ತು ಅವಳು ಹೇಳಿದ ಬೆಲೆಗೇ ಎತ್ತು ಹೋದವು, ನನಗೆ ಕಸುಬು ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಮೈದುನನ ಮನೆಯ ಹಿಂದಿನ ಕೋಣೆ, ಡೇರಿಗೆ ಹಾಲು ಹಾಕಲು ಒಂದು ಹಸು, ಎರಡು ಹೊತ್ತಿನ ಮುದ್ದೆ.

ಆ ಮೈದುನ ನಮ್ಮೂರಿನ ಮಾಜಿ ಮೆಂಬರು. ಪಂಚಾಯಿತಿಯಲ್ಲಿ ಒಂದು ಸಲ ಗೆದ್ದು ಮೂರು ಸಲ ಸೋತರೂ ಆ ಪಟ್ಟ ಬಿದ್ದುಹೋಗಿಲ್ಲ. ಒಂದು ಪಕ್ಷಕ್ಕೆ ಊರಿನಲ್ಲಿ ಅವನೇ ಬಾಗಿಲು. "ನಮ್ಮನೇಲಿ ಅನ್ನೊಂದು ಓಟವೆ" ಎಂದು ಅವನು ಹೇಳುವ ರೀತಿ ಕೇಳಿದರೆ ಕೊಟ್ಟಿಗೆಯಲ್ಲಿ ಹನ್ನೊಂದು ದನವಿವೆ ಎಂದುಕೊಳ್ಳಬೇಕು. ಆ ಹನ್ನೊಂದರಲ್ಲಿ ಚಿಕ್ಕವ್ವನದೂ ಒಂದು.

ಇನ್ನು ನನ್ನ ವಿಚಾರ. ನಾನು ಅದುವರೆಗೆ ಒಂದು ಸಲವೂ ಓಟು ಹಾಕಿದವನಲ್ಲ. ಸೋಮಾರಿತನದಿಂದ ಅಲ್ಲ, ಯೋಚನೆ ಮಾಡಿಯೇ. ಓಟಿನ ದಿನ ಸರ್ಕಾರಿ ರಜೆ, ಫ್ಯಾಕ್ಟರಿಗೂ ರಜೆ, ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿರುತ್ತಾರೆ. ಹಸು ತೋರಿಸಲು ಅದಕ್ಕಿಂತ ಒಳ್ಳೆ ದಿನ ವರ್ಷದಲ್ಲಿ ಇನ್ನೊಂದಿಲ್ಲ. ಅಲ್ಲದೆ ಹಾಕಿ ಮುಗಿಸಿದವನನ್ನು ಯಾರೂ ಮಾತಾಡಿಸುವುದಿಲ್ಲ, ಹಾಕದವನ ಬಾಗಿಲಿಗೆ ಸಂಜೆಯವರೆಗೂ ಜನ ಬರುತ್ತಾರೆ. ಬೆರಳಿಗೆ ಶಾಯಿ ಬಿತ್ತೋ, ನೀನು ಮಾರಾಟವಾದ ಎತ್ತು. ಇದನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ, ಬಹಳ ಜನ ತಲೆದೂಗಿದ್ದಾರೆ.

ಆ ವಿಧಾನಸಭೆ ಚುನಾವಣೆಯ ಹೊತ್ತಿಗೆ ನಮ್ಮೂರಿನ ಕಾಲುವೆಯ ಮೇಲಿನ ಮೋರಿ ಸೇತುವೆ ಕುಸಿದು ಒಂದೂವರೆ ವರ್ಷವಾಗಿತ್ತು. ಬಸ್ಸು ಆಚೆ ದಡದಲ್ಲೇ ತಿರುಗಿಸಿಕೊಂಡು ಹೋಗುತ್ತಿತ್ತು. ಹಾಲಿನ ವ್ಯಾನೂ ಈಚೆಗೆ ಬರುತ್ತಿರಲಿಲ್ಲ, ಕ್ಯಾನುಗಳನ್ನು ತಲೆಯ ಮೇಲೆ ಹೊತ್ತು ಮೋರಿಯ ಮುರುಕಲು ಅಂಚಿನ ಮೇಲೆ ದಾಟಬೇಕಿತ್ತು. ಅರ್ಜಿ ಕೊಟ್ಟೆವು. ಅರ್ಜಿ ನಂಜನಗೂಡಿಗೆ ಹೋಗಿ, ಇದು ನರಸೀಪುರದ ಕಡೆಯದು ಎಂದು ಬರೆಸಿಕೊಂಡು ನರಸೀಪುರಕ್ಕೆ ಹೋಗಿ, ಇದು ನಂಜನಗೂಡಿನದೇ ಎಂದು ಬರೆಸಿಕೊಂಡು ವಾಪಸು ಬಂತು. ಎರಡು ತಾಲ್ಲೂಕಿನ ಗಡಿಯಲ್ಲಿರುವ ಊರಿನ ಕಾಗದಗಳಿಗೆ ಜನರಿಗಿಂತ ಹೆಚ್ಚು ಬಸ್ಸು ಹತ್ತಿ ಇಳಿದು ಅಭ್ಯಾಸ.

ಒಂದು ಸಂಜೆ ಡೇರಿಯ ಮುಂದೆ ಹಾಲು ಹಾಕಿ ನಿಂತಿದ್ದವರಿಗೆ ನಾನು ಹೇಳಿದೆ: "ಹಗ್ಗ ನಮ್ಮ ಕೈಲದೆ. ಓಟು ಆಕೋದೇ ಬ್ಯಾಡ. ಮೋರಿ ಮಾಡ್ತೀವಿ ಅನ್ನೋಗಂಟ ಒಬ್ರೂ ಬೂತ್ ಕಡೆ ಕಾಲಿಡಬಾರ್ದು. ಸಾಯಂಕಾಲ ಆಯ್ತಾ ಆಯ್ತಾ ಅವ್ರಿಗೇ ಬೆವ್ರು ಕಿತ್ಕತದೆ, ನೋಡ್ತಾ ಇರಿ."

ಎಲ್ಲರಿಗೂ ಹಿಡಿಸಿತು. ಮಾಜಿ ಮೆಂಬರಿಗೂ ಹಿಡಿಸಿತು, ಅವನ ಎದುರು ಪಕ್ಷದ ಗೊಬ್ಬರದ ಅಂಗಡಿಯವನಿಗೂ ಹಿಡಿಸಿತು. ಯಾಕೆಂದು ನನಗೆ ಆಮೇಲೆ ಹೊಳೆಯಿತು. ಊರಿನಲ್ಲಿ ಎಷ್ಟು ಓಟು ಕೊಡಿಸುತ್ತೇನೆಂದು ಇಬ್ಬರೂ ತಮ್ಮ ತಮ್ಮ ದೊಡ್ಡವರ ಹತ್ತಿರ ಸುಳ್ಳು ಲೆಕ್ಕ ಹೇಳಿದ್ದರು. ಬಹಿಷ್ಕಾರವಾದರೆ ಇಬ್ಬರ ಸುಳ್ಳೂ ಬಚಾವು.

ಆಣೆ ಇಡಬೇಕೆಂದು ತೀರ್ಮಾನವಾಯಿತು. ನಂಜುಂಡೇಶ್ವರನ ದಿಕ್ಕಿಗೆ ಮುಖ ಮಾಡಿ ಕೈ ಎತ್ತಿ ಹೇಳುವುದು ನಮ್ಮ ಕಡೆಯ ಪದ್ಧತಿ. ಡೇರಿಯ ಕಟ್ಟಡ ಅಡ್ಡಡ್ಡ ಇರುವುದರಿಂದ ಅರ್ಧ ಜನ ನಂಜನಗೂಡಿನ ಕಡೆ ತಿರುಗಿದರು, ಇನ್ನರ್ಧ ಜನ ನರಸೀಪುರದ ಕಡೆ. ಕತ್ತಲಾಗುತ್ತಿತ್ತು, ಯಾರೂ ಸರಿಪಡಿಸಲಿಲ್ಲ. ಹೆಂಗಸರು ಹಾಲಿನ ಪಾತ್ರೆ ಹಿಡಿದು ಒಂದು ಪಕ್ಕ ನಿಂತಿದ್ದರು. ಅವರ ಆಣೆಯನ್ನು ಯಾರೂ ಕೇಳಲಿಲ್ಲ.

ಎಲ್ಲರೂ ಚದುರಿದ ಮೇಲೆ ಚಿಕ್ಕವ್ವ ನನ್ನ ಹತ್ತಿರ ಬಂದಳು. "ಮೊಗಾ, ನಾವು ಓಟು ಆಕ್ದೆ ಇದ್ರೆ ಅವ್ರಿಗೇನ್ ನಷ್ಟ?"

"ನಷ್ಟ ಆಗ್ದೆ ಏನು ಚಿಕ್ಕವ್ವ. ಆರ್ನೂರು ಓಟು."

"ಆಕ್ದಿದ್ರೆ ಇಬ್ರಿಗೂ ಇಲ್ಲ ತಾನೆ? ಮತ್ತೆ ಯಾರಿಗ್ ನಷ್ಟ?"

ವ್ಯಾಪಾರದ ಸೂಕ್ಷ್ಮ ನಿನಗೆ ಗೊತ್ತಾಗುವುದಿಲ್ಲ ಎಂದು ಹೇಳಿ ಕಳಿಸಿದೆ. ವ್ಯಾಪಾರ ಕಲಿಸಿದವಳಿಗೇ ಹಾಗೆ ಹೇಳಿದೆ ಎಂದು ಬರೆಯುವಾಗ ಈಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಓಟಿನ ದಿನ ಬೆಳಿಗ್ಗೆ ಏಳಕ್ಕೆ ಶಾಲೆಯ ಬಾಗಿಲು ತೆಗೆದರು. ನಾವು ಮೋರಿಯ ಹತ್ತಿರ ಶಾಮಿಯಾನ ಹಾಕಿ ಕುಳಿತೆವು. ಬೂತಿನ ಸಿಬ್ಬಂದಿ ಖಾಲಿ ಅಂಗಳ ನೋಡುತ್ತಾ ಆಕಳಿಸುತ್ತಿದ್ದರು. ಪಾಪ ಎಂದು ನಮ್ಮವರೇ ಅವರಿಗೆ ಇಡ್ಲಿ ಕಳಿಸಿದರು. ನನಗೆ ಆ ಹೊತ್ತು ಪರಿಷೆಯಲ್ಲಿ ಅತಿ ಒಳ್ಳೆ ಜೋಡಿ ಹಿಡಿದು ನಿಂತವನಿಗೆ ಇರುವಂಥ ಸಮಾಧಾನವಿತ್ತು.

ಹನ್ನೊಂದು ಗಂಟೆಗೆ ತಾಲ್ಲೂಕು ಕಚೇರಿಯಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಆಚೆ ದಡದಲ್ಲೇ ಜೀಪು ನಿಲ್ಲಿಸಿ, ಪ್ಯಾಂಟು ಎತ್ತಿಕೊಂಡು ಮೋರಿಯ ಅಂಚಿನ ಮೇಲೆ ದಾಟಿದರು. ಮೋರಿಯ ಬಗ್ಗೆ ನಾವು ಹೇಳಬೇಕಾದ್ದು ಅರ್ಧ ಅಲ್ಲೇ ಮುಗಿಯಿತು ಎಂದುಕೊಂಡೆ.

"ನೋಡ್ರೀ, ಮತದಾನ ನಿಮ್ಮ ಹಕ್ಕು," ಎಂದರು.

"ಹಕ್ಕು ಅಂತ ಗೊತ್ತು ಸಾ. ಅದ್ಕೇ ಬುಡದೆ ಇಟ್ಕಂಡಿದೀವಿ," ಎಂದೆ.

"ಇಟ್ಕೊಂಡು ಏನ್ ಮಾಡ್ತೀರಿ?"

"ಮೋರಿ ಮಾಡಿಸ್ತೀವಿ."

"ಮೋರಿ ಆಗುತ್ತೆ, ಮೊದಲು ಓಟು ಹಾಕಿ."

"ಆಗ್ತದೆ ಅಂತ ಬರ್ದು ಕೊಡಿ ಸಾ."

"ಬರೆದು ಕೊಡೋಕೆ ಬರಲ್ಲ."

"ಬಾಯಲ್ಲೇ ಏಳಿ. ಇಷ್ಟು ಜನದ ಎದ್ರಿಗೆ."

ಅವರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. "ಅದೂ ಆಗಲ್ಲ ಕಣ್ರೀ. ನೀತಿ ಸಂಹಿತೆ ಇದೆ. ಎಣಿಕೆ ಮುಗಿಯೋವರೆಗೆ ಒಂದು ಬುಟ್ಟಿ ಮಣ್ಣು ಹಾಕಿಸ್ತೀನಿ ಅಂತಲೂ ನಾನು ಹೇಳೋ ಹಾಗಿಲ್ಲ. ಹೇಳಿದ್ರೆ ನನ್ನ ಕೆಲಸ ಹೋಗುತ್ತೆ."

"ಟವಲ್ ಕೆಳ್ಗೆ ಏಳ್ಬುಡಿ ಸಾ," ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನನಗೆ ಆಗ ಅರ್ಥವಾಯಿತು. ಐದು ವರ್ಷದಲ್ಲಿ ಕೊಳ್ಳುವವನ ಜೇಬನ್ನು ಕಾನೂನೇ ಹೊಲಿದು ಮುಚ್ಚುವ ದಿನಗಳಿವು, ಅವನ್ನೇ ಆರಿಸಿ ನಾನು ಮಾಲು ತಂದು ಕಟ್ಟಿದ್ದೆ. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಎತ್ತನ್ನು ಸಂಜೆಯವರೆಗೆ ಹಿಡಿದವನು, ಬೆಲೆ ಬರಲಿಲ್ಲವೆಂದರೆ ಎತ್ತನ್ನೇ ಹೊಡೆದುಕೊಂಡು ಮನೆಗೆ ಹೋಗುತ್ತಾನೆ, ಮುಂದಿನ ಪರಿಷೆ ಇದ್ದೇ ಇದೆ. ಓಟನ್ನು ಆರು ಗಂಟೆಯವರೆಗೆ ಹಿಡಿದವನ ಕೈಯಲ್ಲಿ ಉಳಿಯುವುದು ಬರೀ ಹಗ್ಗ. ಇದನ್ನು ಓದುವವರು ಬಹಿಷ್ಕಾರ ಮಾಡಬೇಕೆಂದಿದ್ದರೆ ಚುನಾವಣೆ ಘೋಷಣೆಗೆ ಮೂರು ತಿಂಗಳು ಮೊದಲೇ ಮಾಡಿ. ಆಗ ಕೊಳ್ಳುವವನಿಗೆ ಜೇಬೂ ಇರುತ್ತದೆ, ಗಾಬರಿಯೂ ಇರುತ್ತದೆ.

ಹೊರಡುವ ಮೊದಲು ಅಧಿಕಾರಿ ಬೂತಿಗೆ ಹೋಗಿ ಬಂದು, "ಒಬ್ಬರಾದರೂ ತಿಳಿವಳಿಕೆ ಇರೋರು ಇದ್ದಾರೆ. ಒಂದು ಓಟು ಬಿದ್ದಿದೆ," ಎಂದರು.

ಶಾಮಿಯಾನದಲ್ಲಿ ಗದ್ದಲವಾಯಿತು. ಯಾರು ಎಂದು ತಿಳಿಯಲು ಐದು ನಿಮಿಷ ಹಿಡಿಯಲಿಲ್ಲ. ಡೇರಿಗೆ ಹಾಲು ಹಾಕಿ ಬರುವಾಗ ಚಿಕ್ಕವ್ವ ಖಾಲಿ ಪಾತ್ರೆಯನ್ನು ಬೂತಿನ ಬಾಗಿಲಲ್ಲಿಟ್ಟು ಒಳಗೆ ಹೋಗಿ ಬಂದಿದ್ದಳು. ಕಾಫಿ ಹಿಡಿದು ಬಂದ ಅವಳನ್ನು ಎಲ್ಲರ ಎದುರಿಗೇ ಮಾಜಿ ಮೆಂಬರು ಕೇಳಿದ: "ಏನ್ ಅತ್ತಿಗೆ, ಊರೆಲ್ಲ ಆಣೆ ಇಟ್ಟಿರ್ಬೇಕಾದ್ರೆ ನೀನೊಬ್ಳು ಓಗಿದ್ಯಂತೆ?"

"ನನ್ನ ಯಾರ್ ಆಣೆ ಕೇಳುದ್ರು?" ಎಂದಳು. "ಐದ್ ವರ್ಸಕ್ಕೊಂದ್ ಸಲ ಅಲ್ಲಿ ನನ್ ಹೆಸ್ರು ಕೂಗ್ತಾರೆ ಕಣಪ್ಪ. ಪೂರ್ತಿ ಹೆಸ್ರು, ಗಟ್ಟಿಯಾಗಿ. ಅದ್ ಕೇಳಕ್ ಓಗ್ತೀನಿ."

ಅವಳ ಹೆಸರು ಏನೆಂದು ಅಲ್ಲಿದ್ದವರಲ್ಲಿ ನಾಲ್ಕು ಜನಕ್ಕಾದರೂ ಗೊತ್ತಿತ್ತೋ ಇಲ್ಲವೋ. ಮನೆಯಲ್ಲಿ ಅವಳು 'ಹಿಂದ್ಲ ಕೋಣೆಯವಳು', ಡೇರಿಯ ಪುಸ್ತಕದಲ್ಲಿ ಒಂದು ನಂಬರು.

ಗೊಬ್ಬರದ ಅಂಗಡಿಯವನು ಬಿಡಲಿಲ್ಲ. "ನಿಮ್ ಮನೆಯೋರೇ ಆಣೆ ಮುರುದ್ರಲ್ಲ ಮೆಂಬರ್ರೇ. ಊರ್ಗೇನ್ ಏಳ್ತೀರಿ?"

ಮಾಜಿ ಮೆಂಬರು ಮೊದಲು ಕೆಂಪಾದ, ಆಮೇಲೆ ಯೋಚನೆ ಮಾಡಿದ, ಆಮೇಲೆ ಅವನ ಮುಖ ಅರಳಿತು. ಅವಮಾನವನ್ನು ಲಾಭಕ್ಕೆ ತಿರುಗಿಸುವುದರಲ್ಲಿ ಅವನು ನನಗಿಂತ ಒಂದು ಕೈ ಮೇಲು. ಫೋನು ತೆಗೆದು ಅಭ್ಯರ್ಥಿಯ ಕಡೆಯವರಿಗೆ ಎಲ್ಲರಿಗೂ ಕೇಳುವಂತೆ ಹೇಳಿದ: "ಅಣ್ಣಾ, ಊರೇ ಬಹಿಷ್ಕಾರ ಆಕ್ಬುಟ್ಟದೆ. ಆದ್ರೂ ಒಂದು ಓಟು ಬಿದ್ದದೆ, ಅದು ನಮ್ಮನೇದು. ಎಣಿಕೆ ದಿವ್ಸ ನಾನೇ ಏಜೆಂಟಾಗಿ ಕೂರ್ತೀನಿ. ನಮ್ಮೂರ್ ಮಿಷಿನ್ ಬರ್ಲಿ ನೋಡಿ, ಒಂದಕ್ಕೊಂದು ನಿಮ್ದೇ. ನೂರಕ್ಕೆ ನೂರು."

ಚಿಕ್ಕವ್ವ ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಳ್ಳುತ್ತಿದ್ದಳು. ಒಂದು ಲೋಟ ಕೈ ಜಾರಿ ಬಿತ್ತು.

ಮೂರು ಗಂಟೆಗೆ ಅವಳು ನಮ್ಮ ಮನೆಗೆ ಬಂದಳು. ಹಸು ಮೇವು ಮುಟ್ಟುತ್ತಿಲ್ಲ, ಬಂದು ನೋಡು ಎಂದಳು. ಕೊಟ್ಟಿಗೆಗೆ ಹೋಗಿ ನೋಡಿದರೆ ಹಸು ಗೊಂತಿನಲ್ಲಿದ್ದ ಕಡೇ ಎಳೆ ಹುಲ್ಲನ್ನೂ ನೆಕ್ಕುತ್ತಿತ್ತು.

"ಮೊಗಾ," ಎಂದಳು ಸಣ್ಣ ದನಿಯಲ್ಲಿ, "ಯಾರು ಯಾರಿಗ್ ಆಕುದ್ರು ಅಂತ ಗೊತ್ತಾಯ್ತದಾ?"

ನಾನು ದೊಡ್ಡ ದನಿಯಲ್ಲೇ ಶುರುಮಾಡಿದೆ. "ಗೊತ್ತಾಗಲ್ಲ ಚಿಕ್ಕವ್ವ, ಅದು ಗುಟ್ಟು. ಮಿಷಿನ್ನಲ್ಲಿ ಬರೀ ಒಟ್ಟು ಲೆಕ್ಕ ಬತ್ತದೆ. ನಮ್ ಬೂತ್ನಲ್ಲಿ ಇವನ್ಗೆ ಇಷ್ಟು, ಅವನ್ಗೆ ಅಷ್ಟು..." ಎನ್ನುತ್ತಾ ಹೋದವನು ಅಲ್ಲೇ ನಿಂತೆ. ಬೂತಿನ ಒಟ್ಟು ಲೆಕ್ಕವೇ ಒಂದು. ಆ ಒಂದು ಯಾರದೆಂದು ಊರಿಗೆ ಗೊತ್ತು. ಅದು ಯಾರ ಮುಂದೆ ಬಂತೆಂದು ಎಣಿಕೆಯ ದಿನ ಗೊತ್ತಾಗುತ್ತದೆ. ಬರೆದುಕೊಳ್ಳಲು ಪೆನ್ನು ಹಿಡಿದು ಕೂರುವವನು ಅವಳ ಮೈದುನನೇ.

"ನಾನು ಅವ್ರು ಏಳ್ದೋರ್ಗೆ ಆಕ್ಲಿಲ್ಲ ಕಣ್ ಮೊಗಾ," ಎಂದಳು. "ಯಾವತ್ತೂ ಆಕಿಲ್ಲ. ಇಷ್ಟ್ ವರ್ಸ ಜನದ್ ಮಧ್ಯ ಸೇರ್ಕತಿತ್ತು."

ಮೂವತ್ತು ವರ್ಷ ಟವೆಲ್ಲಿನ ಮೇಲೆ ಬದುಕಿದವನಿಗೆ ಇದು ಹೊಳೆದಿರಲಿಲ್ಲ. ಊರು ಸಾಲಾಗಿ ಹೋಗಿ ಹಾಕುವ ಓಟುಗಳೇ ಅವಳ ಓಟಿನ ಮೇಲಿನ ಟವೆಲ್ಲು. ಆ ಟವೆಲ್ಲನ್ನು ಎಳೆದು ಹಾಕಿದವನು ನಾನು.

ಗೊತ್ತಾದರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ಮನೆಯಿಂದ ಅಟ್ಟುತ್ತಿರಲಿಲ್ಲ, ಊರು ಏನೆಂದೀತು ಎಂಬ ಭಯವಿದೆ. ಅನ್ನವನ್ನೂ ನಿಲ್ಲಿಸುತ್ತಿರಲಿಲ್ಲ. ಹಾಕುವ ಅನ್ನಕ್ಕೆ ಒಂದೊಂದು ಮಾತು ಸೇರಿಸಿ ಹಾಕುತ್ತಿದ್ದರು. ಅವಳು ಬದುಕಿರುವವರೆಗೂ, ಎರಡು ಹೊತ್ತೂ. ಆ ಮನೆಯಲ್ಲಿ ಸಾರಿಗಿಂತ ಮಾತು ಖಾರ. ನೂರಕ್ಕೆ ನೂರು ಎಂದು ಫೋನಿನಲ್ಲಿ ಹೇಳಿಬಿಟ್ಟವನು, ಸೊನ್ನೆ ಬಂದರೆ ಸುಮ್ಮನಿರುವನೇ.

"ಇನ್ನೂ ಮೂರು ಗಂಟೆ ಟೈಮದೆ," ಎಂದೆ. "ಜನ ಕರ್ಕಂಡ್ ಬತ್ತೀನಿ. ನೀನು ಯಾರ್ಗ್ ಆಕ್ದೆ ಏಳು, ನಾನೂ ಅಲ್ಲಿಗೇ ಆಕ್ತೀನಿ. ಒಂಟಿ ಓಟು ಅಂತ ಕಾಣ್ಬಾರ್ದು."

"ಬಾಯ್ ಬುಟ್ಟು ಏಳಲ್ಲ," ಎಂದಳು. "ಗೋಡೆಗೆ ಕಿವಿ ಅವೆ."

ನನ್ನ ಹೆಗಲ ಮೇಲಿದ್ದ ಟವೆಲ್ಲನ್ನು ತಾನೇ ಎಳೆದು ಕೈಯ ಮೇಲೆ ಹಾಕಿಕೊಂಡಳು. ಮಿಷಿನ್ನಿನಲ್ಲಿ ಅಭ್ಯರ್ಥಿಗಳ ಹೆಸರಿನ ಪಕ್ಕ ಒಂದೊಂದು ನಂಬರು ಇರುತ್ತದೆಯಲ್ಲ, ಅದನ್ನು ಬೆರಳಿನಲ್ಲಿ ಹೇಳಿದಳು. ಪರಿಷೆಯಲ್ಲಿ ಯಾವ ಗಂಡಸೂ ಹಿಡಿಯದ ಆ ಕೈ ಮೂವತ್ತು ವರ್ಷ ಹಾಲು ಕರೆದು ಹಗ್ಗದ ಹಾಗೆ ಗಟ್ಟಿಯಾಗಿತ್ತು. ಒಂದು ಬೆರಳೂ ತಪ್ಪಲಿಲ್ಲ. ಯಾವ ನಂಬರು ಎಂದು ಇಲ್ಲಿ ಬರೆಯುವುದಿಲ್ಲ. ನಮ್ಮೂರಿನಲ್ಲೂ ಓದು ಬರುವವರಿದ್ದಾರೆ.

ಈಗ ನನ್ನ ಎದುರಿಗಿದ್ದ ವ್ಯಾಪಾರ ನೋಡಿ. ಬೆಳಿಗ್ಗೆಯಿಂದ ಹೋಗಬೇಡಿ ಎಂದು ಕೂರಿಸಿದವರನ್ನೇ ಹೋಗಿ ಎಂದು ಎಬ್ಬಿಸಬೇಕು. ಕಾರಣವನ್ನು ಮಾತ್ರ ಹೇಳಬಾರದು.

ಮೊದಲು ಹೆಂಡತಿಗೆ ಹೇಳಿದೆ. ಅವಳು ಬೀಡಿ ಕಟ್ಟಿನ ಹಾಗೆ ಮಡಿಸಿಟ್ಟಿದ್ದ ತನ್ನ ಓಟಿನ ಚೀಟಿಯನ್ನು ತೆಗೆದು, "ಒತ್ತಾರೆ ಓಗ್ಬ್ಯಾಡ ಅಂದ್ರಿ, ಈಗ ಓಗು ಅಂತೀರಿ. ನೀವು ಎತ್ತು ಮಾರ್ತಿದೀರೋ ಕೊಳ್ತಿದೀರೋ?" ಎಂದಳು. ಉತ್ತರಕ್ಕೆ ಕಾಯದೆ ಸೀರೆ ಬದಲಾಯಿಸಲು ಹೋದಳು.

ಆಮೇಲೆ ಗೊಬ್ಬರದ ಅಂಗಡಿಗೆ ಹೋದೆ. ಅವನು ಮೂಟೆಗೆ ಒರಗಿ ಟೀ ಕುಡಿಯುತ್ತಿದ್ದ.

"ಅಲ್ಲ ಕಣಣ್ಣ," ಎಂದೆ, "ಎಣಿಕೆ ದಿವ್ಸ ನಮ್ಮೂರಿನ ಮಿಷಿನ್ನಲ್ಲಿ ನೂರಕ್ಕೆ ನೂರು ಅವ್ರದೇ ಅಂತ ಬರ್ಕಂಡ್ ಓಯ್ತಾರೆ. ನಿಮ್ ಪಾರ್ಟಿ ದೊಡ್ಡೋರು ಆ ಕಾಗ್ದ ನೋಡುದ್ರೆ ಏನನ್ಕಂಡಾರು?"

"ಒಂದ್ ಓಟಲ್ವೇನ್ಲಾ."

"ಒಂದಕ್ಕೊಂದು ಅಂದ್ರೆ ನೂರಕ್ಕೆ ನೂರಲ್ವಾ? ನಿಮ್ದು ಸೊನ್ನೆ. ಸೊನ್ನೆ ಮುಂದೆ ನಮ್ಮೂರಿನ ಹೆಸ್ರು ಇರ್ತದೆ."

ಅವನು ಟೀ ಲೋಟ ಕೆಳಗಿಟ್ಟ. "ನಾನು ಆಣೆ ಇಡ್ಬೇಕಾದ್ರೆ ಯಾವ್ ಕಡೆ ತಿರ್ಗಿದ್ದೆ?"

"ನರಸೀಪುರದ ಕಡೆ."

"ಅಂಗಾದ್ರೆ ಅದು ಆಣೆ ಅಲ್ಲ," ಎಂದು ಚಪ್ಪಲಿ ಹಾಕಿಕೊಂಡ.

ಅವನ ಮನೆಯ ಹದಿನಾಲ್ಕು ಓಟು ಬೀದಿಯಲ್ಲಿ ಸಾಲಾಗಿ ಹೊರಟಿದ್ದನ್ನು ಕಂಡ ಮಾಜಿ ಮೆಂಬರು ಶಾಮಿಯಾನದಿಂದ ಎದ್ದ. ತಾನು ನಂಜನಗೂಡಿನ ಕಡೆಗೇ ತಿರುಗಿದ್ದು ಎಲ್ಲರೂ ನೋಡಿದ್ದರಿಂದ ಅವನಿಗೆ ಆ ದಾರಿ ಇರಲಿಲ್ಲ. "ಅವ್ರು ಮುರುದ್ ಮ್ಯಾಲೆ ನಮ್ದೇನು ಉಳ್ದದೆ, ಮೊದ್ಲು ಮುರಿದೋನ್ಗೇ ಪಾಪ," ಎಂದು ತನ್ನ ಹತ್ತು ಜನರನ್ನು ಹೊರಡಿಸಿದ. ಮೊದಲು ಮುರಿದದ್ದು ತನ್ನ ಅತ್ತಿಗೆ ಎಂಬುದು ಅಷ್ಟರಲ್ಲಿ ಅವನಿಗೆ ಮರೆತುಹೋಗಿತ್ತು.

ಈ ಎರಡು ಮನೆಯ ಓಟಷ್ಟೇ ಬಿದ್ದರೆ ಸಾಲದು. ಅವರಿಬ್ಬರ ಓಟು ಎಲ್ಲಿಗೆ ಹೋಗುತ್ತವೆಂದು ಗೊತ್ತಿರುವುದರಿಂದ ಉಳಿದ ಓಟು ಎದ್ದು ಕಾಣುತ್ತದೆ. ಯಾರ ಕಡೆಯೂ ಅಲ್ಲದ ಜನ ಬೇಕಿತ್ತು. ಅಂಥವರನ್ನು ಎಬ್ಬಿಸುವುದೇ ಕಷ್ಟ. ಬೀದಿ ಬೀದಿ ಸುತ್ತಿದೆ. ಒಬ್ಬ, "ಯಾರ್ ಗೆದ್ರೂ ನಾವ್ ರಾಗಿ ಬಿತ್ತದು ತಪ್ತದಾ?" ಎಂದ. ರಾಗಿ ಬಿತ್ತಲು ಗೊಬ್ಬರ ಯಾರ ಕಾಲದಲ್ಲಿ ಎಷ್ಟಾಯಿತೆಂದು ಕೇಳಿದೆ. ಲೆಕ್ಕ ಹೇಳುತ್ತಾ ಹೇಳುತ್ತಾ ಅವನಿಗೇ ಸಿಟ್ಟು ಬಂದು ಹೊರಟ. ಫ್ಯಾಕ್ಟರಿಗೆ ಹೋಗುವ ನಾಲ್ಕು ಹುಡುಗರು ಇಸ್ಪೀಟು ಬಿಡಲಿಲ್ಲ. ನಂಜನಗೂಡಿನ ಯಾವುದೋ ಹೋಟೆಲಿನಲ್ಲಿ ಶಾಯಿ ತೋರಿಸಿದರೆ ದೋಸೆಗೆ ರಿಯಾಯಿತಿ ಎಂದು ಅವರಲ್ಲೇ ಒಬ್ಬನ ಫೋನಿಗೆ ಬಂತು. ಇಸ್ಪೀಟಿನೆಲೆ ಕವುಚಿ ಎದ್ದರು. ಒಬ್ಬ ಮುದುಕ, "ನನ್ ಒಂದ್ ಓಟಿಂದ ಏನಾಯ್ತದೆ ಬುಡ್ಲಾ," ಎಂದ. ಈ ಮಾತನ್ನು ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೆ. ಒಂದು ಓಟಿನಿಂದ ಏನಾಗುತ್ತದೆಂದು ಅವತ್ತು ಊರಿನಲ್ಲಿ ಸರಿಯಾಗಿ ಗೊತ್ತಿದ್ದವನು ನಾನೊಬ್ಬನೇ, ಅದನ್ನು ಬಾಯಿ ಬಿಡುವ ಹಾಗಿರಲಿಲ್ಲ. "ಏನೂ ಆಗಲ್ಲ ತಾತ. ಕೂತು ಕೂತು ಕಾಲ್ ಇಡ್ಕಂಡದೆ, ಒಂದ್ ಸುತ್ತು ಬಾ," ಎಂದು ಕೈ ಹಿಡಿದು ಎಬ್ಬಿಸಿದೆ.

ಓಟು ಹಾಕದಿದ್ದರೆ ರೇಷನ್ ಕಾರ್ಡು ರದ್ದಾಗುತ್ತದಂತೆ ಎಂದು ಅಷ್ಟರಲ್ಲಿ ಕೆಳಗಿನ ಬೀದಿಯಲ್ಲಿ ಯಾರೋ ಹಬ್ಬಿಸಿದ್ದರು. ಅದು ಸುಳ್ಳು. ನಾನು ಹೇಳಿದ್ದಲ್ಲ. "ನಿಜವಾ?" ಎಂದು ನನ್ನನ್ನು ಕೇಳಿದವರಿಗೆ ಮಾತ್ರ, "ಯಾಕ್ ಬೇಕು ರಿಸ್ಕು," ಎಂದೆ. ಅಷ್ಟು ತಪ್ಪು ನನ್ನದಿದೆ.

ಐದೂವರೆಗೆ ಶಾಲೆಯ ಅಂಗಳದಲ್ಲಿ ಸಾಲು ಗೇಟು ದಾಟಿ ಹೊರಗೆ ಬಂದಿತ್ತು. ಆಕಳಿಸುತ್ತಿದ್ದ ಸಿಬ್ಬಂದಿಗೆ ನೀರು ಕುಡಿಯಲೂ ಬಿಡುವಿಲ್ಲ. ಬೆಳಿಗ್ಗೆ ತಿಂದ ಇಡ್ಲಿಯ ಋಣಕ್ಕೋ ಏನೋ ಯಾರ ಮೇಲೂ ರೇಗಲಿಲ್ಲ. ಆರಕ್ಕೆ ಸರಿಯಾಗಿ ಸಾಲನ್ನೆಲ್ಲ ಒಳಗೆ ಸೇರಿಸಿ ಗೇಟು ಹಾಕಿ, ಒಳಗಿದ್ದವರಿಗೆಲ್ಲ ಚೀಟಿ ಹಂಚಿದರು. ಆ ಸಾಲಿನ ಬಾಲದಲ್ಲಿ ನಾನಿದ್ದೆ. ದನದ ರಸೀದಿಗಳ ಕಟ್ಟಿನ ಅಡಿಯಿಂದ ಹುಡುಕಿ ತಂದ ನನ್ನ ಗುರುತಿನ ಚೀಟಿಯ ಫೋಟೊದಲ್ಲಿ ಮೀಸೆಯಿದ್ದ ಯಾರೋ ಪಡ್ಡೆ ಹುಡುಗನಿದ್ದ.

ನಾನು ನಾಲ್ಕನೇ ಕ್ಲಾಸು ಓದಿದ ಕೋಣೆಯೇ ಬೂತು. ಮೊದಲ ಮೇಜಿನ ಹೆಂಗಸು ಪಟ್ಟಿಯಲ್ಲಿ ಬೆರಳಾಡಿಸಿ ನನ್ನ ಹೆಸರನ್ನು ಕೂಗಿದಳು. ಪೂರ್ತಿ ಹೆಸರು, ಗಟ್ಟಿಯಾಗಿ. ಊರಿಗೆಲ್ಲ ನಾನು 'ದಲ್ಲಾಳಿ'. ಆ ಕೋಣೆಯಲ್ಲಿ ಮೇಷ್ಟರು ಹಾಜರಿ ಕೂಗಿದ ಮೇಲೆ ಆ ಹೆಸರನ್ನು ಅಲ್ಲಿ ಯಾರೂ ಹೇಳಿರಲಿಲ್ಲ. ಬಾಯಿಗೆ "ಪ್ರೆಸೆಂಟ್ ಸಾ" ಎಂದು ಬಂದದ್ದನ್ನು ನುಂಗಿಕೊಂಡೆ. ರಟ್ಟಿನ ಮರೆಯ ಹಿಂದೆ ಹೋಗಿ ಚಿಕ್ಕವ್ವ ಹಿಡಿದ ಬೆರಳುಗಳನ್ನು ಇನ್ನೊಮ್ಮೆ ಎಣಿಸಿಕೊಂಡು ಆ ನಂಬರನ್ನು ಒತ್ತಿದೆ. ಬೇರೆಯವರು ಹೇಳಿದ್ದಕ್ಕೆ ಓಟು ಹಾಕಬೇಡಿ ಎಂದು ಬುದ್ಧಿ ಹೇಳುವ ಹಕ್ಕನ್ನು ಅವತ್ತು ಕಳೆದುಕೊಂಡೆ. ಆದರೂ ಹೇಳುತ್ತೇನೆ, ಹಾಕಬೇಡಿ.

ಮೋರಿಯ ಸುದ್ದಿಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಗೆದ್ದವರ ಹತ್ತಿರ ಹೋದೆವು. "ನಿಮ್ಮೂರಿನಲ್ಲಿ ಬಹಿಷ್ಕಾರ ಆಗಿತ್ತಲ್ಲ?" ಎಂದರು. ಬೆಳಿಗ್ಗೆ ಆಗಿತ್ತು, ಸಂಜೆ ಆಗಿರಲಿಲ್ಲ ಎಂದೆವು. ಅಂಥದ್ದನ್ನು ಯಾವ ಫೈಲಿಗೆ ಹಾಕಬೇಕೆಂದು ಅವರ ಆಪ್ತ ಸಹಾಯಕನಿಗೆ ತಿಳಿಯಲಿಲ್ಲ. ಇದುವರೆಗೆ ಎರಡು ಸಲ ಟೇಪು ಹಿಡಿದು ಅಳೆದುಕೊಂಡು ಹೋಗಿದ್ದಾರೆ. ಎರಡು ಸಲವೂ ಮೋರಿಯ ಉದ್ದ ಒಂದೇ ಬಂದಿದೆ ಎಂಬುದೇ ಪ್ರಗತಿ.

ಎಣಿಕೆಯ ದಿನ ಸಂಜೆ ನಾನು ಮಾಜಿ ಮೆಂಬರಿನ ಮನೆಗೆ ಹೋದೆ. ಹಸು ನೋಡುವ ನೆಪ ನನಗೂ ಇತ್ತು. ಅವನು ಎಣಿಕೆ ಕೇಂದ್ರದಿಂದ ಬಂದು, ಅಂಗಿ ಬಿಚ್ಚಿ, ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದ. ಪಕ್ಕದಲ್ಲೇ ನಮ್ಮ ಬೂತಿನ ಲೆಕ್ಕ ಬರೆದುಕೊಂಡ ಚೀಟಿ. ಬಿದ್ದ ಓಟು ಇನ್ನೂರ ಹನ್ನೆರಡು. ಅವನ ಪಕ್ಷಕ್ಕೂ ಗೊಬ್ಬರದ ಅಂಗಡಿಯವನ ಪಕ್ಷಕ್ಕೂ ಹೆಚ್ಚುಕಮ್ಮಿ ಸಮ, ಅದರಿಂದ ಅವನಿಗೆ ಬೇಸರವಿರಲಿಲ್ಲ. ಅವನ ಬೆರಳು ಇನ್ನೊಂದು ಸಾಲಿನ ಮೇಲೆ ನಿಂತಿತ್ತು. ಪ್ರಚಾರಕ್ಕೆಂದು ನಮ್ಮೂರಿಗೆ ಒಂದು ದಿನವೂ ಬಾರದ, ಆ ಚುನಾವಣೆಯಲ್ಲಿ ಠೇವಣಿಯನ್ನೂ ಕಳೆದುಕೊಂಡ ಒಬ್ಬ ಅಭ್ಯರ್ಥಿ. ಚಿಕ್ಕವ್ವನ ನಂಬರು ಅದೇ. ನಾನು ಹಾಕಿದ ಲೆಕ್ಕದಲ್ಲಿ ಅಲ್ಲಿ ಎರಡು ಇರಬೇಕಿತ್ತು.

ಹತ್ತೊಂಬತ್ತು ಇತ್ತು.

"ಯಾರ್ಲಾ ಇವ್ರು ಹತ್ತೊಂಬತ್ತು ಜನ?" ಎಂದ. "ಮನೆ ಮನೆ ಲೆಕ್ಕ ಆಕ್ದೆ. ನಮ್ದು ಸರಿಯಾಯ್ತದೆ, ಗೊಬ್ಬರದೋನ್ದು ಸರಿಯಾಯ್ತದೆ. ಇದ್ ಯಾವ್ ಮನೆ? ನೀನು ಊರೋರ ಬೆರಳೆಲ್ಲ ಓದೋನು. ಏಳ್ಲಾ."

ನಿಜವಾಗಿ ನನಗೂ ಗೊತ್ತಿರಲಿಲ್ಲ. ಹತ್ತೊಂಬತ್ತರಲ್ಲಿ ಇಬ್ಬರನ್ನು ಕಳೆದರೆ ಉಳಿದ ಹದಿನೇಳು ಜನ ಯಾರು? ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಮುಖಗಳನ್ನು ಒಂದೊಂದಾಗಿ ನೆನೆದೆ. ಕಾಲು ಹಿಡಿದುಕೊಂಡಿದ್ದ ಮುದುಕನೇ? ದೋಸೆಯ ಹುಡುಗರೇ? ನನ್ನ ಹೆಂಡತಿಯೇ? ಒಂದು ಮುಖವೂ ಬಾಯಿ ಬಿಡಲಿಲ್ಲ. ಅದೇ ಮನೆಯ ಹನ್ನೊಂದರಲ್ಲಿ ಇನ್ನೂ ಯಾರಾದರೂ ಇದ್ದರೋ ಏನೋ. ಎದುರಿನವನ ಕೈ ಮುಟ್ಟಿದರೆ ಅವನ ಮನಸ್ಸಿನ ಬೆಲೆ ಹೇಳುತ್ತೇನೆಂದು ಮೂವತ್ತು ವರ್ಷ ಜಂಬ ಕೊಚ್ಚಿಕೊಂಡಿದ್ದೆ.

"ಗೊತ್ತಿಲ್ಲ ಚಿಕ್ಕಪ್ಪ," ಎಂದೆ. ನನ್ನ ಕಸುಬಿನಲ್ಲಿ ಈ ಮಾತನ್ನು ಸುಮ್ಮನೆ ಆಡುವುದಿಲ್ಲ.

ಚಿಕ್ಕವ್ವ ಒಳಗಿನಿಂದ ಸಾರಿನ ಪಾತ್ರೆ ಹಿಡಿದು ಬಂದು ಅವನ ತಟ್ಟೆಯ ಮುಂದೆ ಬಗ್ಗಿದಳು. ಪಾತ್ರೆ ಹಿಡಿದ ಎಡಗೈಯ ತೋರುಬೆರಳಿನ ಉಗುರಿನ ಮೇಲೆ ಶಾಯಿಯ ಗೆರೆ ಇನ್ನೂ ಕಪ್ಪಗೇ ಇತ್ತು. ಅವನು ಅವಳ ಕಡೆ ನೋಡಲಿಲ್ಲ, ಚೀಟಿಯನ್ನೇ ನೋಡುತ್ತಿದ್ದ.

"ಹತ್ತೊಂಬತ್ತಾ?" ಎಂದಳು. ಆ ದನಿಯಲ್ಲಿದ್ದ ಆಶ್ಚರ್ಯ ನಿಜವಾದದ್ದೇ. "ಯಾರೋ ಊರೋರೇ ಆಕಿರ್ತಾರೆ ಬುಡಪ್ಪ. ಮುದ್ದೆ ಆರೋಯ್ತದೆ, ಉಣ್ಣು."